ನಲವತ್ತೊಂದನೆಯ ಡಬ್ಬಿಯ ಜೀವ

ಒಬ್ಬರ ಮನೆ ಬಾಗಿಲಿಗೆ ಹೋಗಿ ಉಪ್ಪು ಕೇಳಬಹುದು, ಹೆಪ್ಪು ಕೇಳಬಹುದು, ಧೈರ್ಯವಿದ್ದರೆ ಹೆಣ್ಣನ್ನೂ ಕೇಳಬಹುದು. ರತ್ನಮಾಲಾ ಕೇಳಬೇಕಾಗಿದ್ದ ವಸ್ತು ಮಾತ್ರ ಬಾಯಿಬಿಟ್ಟು ಹೇಳುವಂಥದ್ದಲ್ಲ. ಹುಮನಾಬಾದ್ ಸುತ್ತಲಿನ ಹಳ್ಳಿಗಳಲ್ಲಿ ಅರವತ್ತು ದಾಟಿದ ಅಜ್ಜ-ಅಜ್ಜಿಯರನ್ನು ಹುಡುಕಿ, ಅವರ ಕೈಗೆ ಬಿಗಿ ಮುಚ್ಚಳದ ಬಿಳಿ ಡಬ್ಬಿ ಕೊಟ್ಟು, ನಾಳೆ ಮುಂಜಾನೆ ಹೊರಕಡೆಗೆ ಹೋದಾಗ ಇದರಲ್ಲಿ ಒಂದು ಚಮಚೆಯಷ್ಟು ತೆಗೆದಿಡಿ ಎನ್ನಬೇಕು. ಕೆಲವರು ನಕ್ಕರು, ಕೆಲವರು ಬೈದರು. ಒಬ್ಬ ಮುದುಕ ಡಬ್ಬಿಯನ್ನು ತಿರುಗಿಸಿ ಮುರುಗಿಸಿ ನೋಡಿ, ಸರ್ಕಾರಕ್ಕೆ ಇಂಥಾ ಬಡತನ ಯಾವಾಗ ಬಂತು ಎಂದು ಕೇಳಿದ.

ರತ್ನಮಾಲಾ ಬಸವಕಲ್ಯಾಣ ತಾಲೂಕಿನ ಕೊಹಿನೂರಿನವಳು. ಕಲಬುರಗಿಯಲ್ಲಿ ಸೂಕ್ಷ್ಮಜೀವಿಗಳ ಬಗ್ಗೆ ಓದಿ ಎಂ.ಎಸ್ಸಿ. ಮಾಡಿಕೊಂಡು ಬಂದವಳು. ಹುಮನಾಬಾದಿನ ಒಂದು ಕಾಲೇಜಿನ ಹಿಂಬದಿಯ ಎರಡು ಕೋಣೆಗಳಲ್ಲಿ ಗಯಾಸುದ್ದೀನ್ ಸರ್ ನಡೆಸುತ್ತಿದ್ದ ಪ್ರಯೋಗಾಲಯದಲ್ಲಿ ಅವಳಿಗೆ ಕೆಲಸ. ಜೋಳದ ರೊಟ್ಟಿ ತಿಂದು, ಕುರಿಯ ಹಿಂದೆ ನಡೆದು, ಮುಪ್ಪಿನಲ್ಲೂ ಗಟ್ಟಿಯಾಗಿರುವ ಈ ಭಾಗದ ಜನರ ಹೊಟ್ಟೆಯಲ್ಲಿ ಯಾವ ಯಾವ ಬ್ಯಾಕ್ಟೀರಿಯಾ ಬಿಡಾರ ಹೂಡಿವೆ ಎಂದು ಒಂದೊಂದನ್ನೇ ಬೆಳೆಸಿ, ಗುರುತಿಸಿ, ಇದು ಇಂಥ ಕುಲ, ಇಂಥ ಪ್ರಭೇದ ಎಂದು ಪಟ್ಟಿ ಮಾಡುವುದು ಅಲ್ಲಿಯ ಕಸುಬು.

ಈ ಸುದ್ದಿ ಊರಿಗೆ ಮುಟ್ಟಿದ ದಿನ ಅವಳ ತಾಯಿ ಸುಗಂಧಾ ಪಾತ್ರೆಗಳನ್ನೆಲ್ಲ ಸದ್ದು ಮಾಡಿಯೇ ತೊಳೆದಳು. ಆಮೇಲೆ ಒರೆಸಿಕೊಂಡ ಕೈಯನ್ನು ಸೊಂಟದ ಮೇಲಿಟ್ಟು ನಿಂತಳು.

“ಮಂದಿ ಹೊಲಸು ನಾವ್ ಹೊರಂಗಿಲ್ಲ ಅಂತ ನಿಮ್ಮಜ್ಜ ಇಡೀ ಊರ ಕೂಡ ಜಗಳಾಡ್ಯಾನ. ನೀ ಎಂ.ಎಸ್ಸಿ. ಓದಿ ಅದನ್ನೇ ಡಬ್ಬ್ಯಾಗ ತುಂಬ್ಕೊಂಡ್ ಬರಾಕತ್ತಿ.”

ರತ್ನಮಾಲಾ ವಿಜ್ಞಾನ, ಸಂಶೋಧನೆ ಎಂದು ಏನೇನೋ ತೊದಲಿದಳು. ಅವ್ವನ ಮಾತಿನಲ್ಲಿ ಮೂರು ತಲೆಮಾರಿನ ನೋವಿತ್ತು, ತನ್ನ ಮಾತಿನಲ್ಲಿ ಪುಸ್ತಕ ಬಿಟ್ಟರೆ ಬೇರೇನೂ ಇಲ್ಲ ಎಂದು ಅವಳಿಗೇ ಅನಿಸಿತು. ಆ ಮಾತು ಮುಳ್ಳಿನ ಹಾಗೆ ಒಳಗೇ ಉಳಿದುಕೊಂಡಿತು.

ನಲವತ್ತೊಂದನೆಯ ಡಬ್ಬಿ ಬಂದದ್ದು ಹುಡಗಿ ಎಂಬ ಊರಿನಿಂದ. ಅಲ್ಲಿ ಸಖುಬಾಯಿ ಎಂಬ ಎಪ್ಪತ್ತೆರಡರ ಅಜ್ಜಿ, ಕುರಿ ಸಾಕುವ ಮನೆತನ. ಮೊದಲ ಸಲ ಹೋದಾಗ ಅಜ್ಜಿ ಒಪ್ಪಿ ಕಾಗದಕ್ಕೆ ಹೆಬ್ಬೆಟ್ಟು ಒತ್ತಿದ್ದಳು. ಆದರೆ ಡಬ್ಬಿ ಮಾತ್ರ ತುಂಬಿರಲಿಲ್ಲ. ಎರಡನೆಯ ಸಲ ಹೋದರೂ ಇಲ್ಲ, ಮೂರನೆಯ ಸಲವೂ ಇಲ್ಲ. ನಾಲ್ಕನೆಯ ಮುಂಜಾನೆ ರತ್ನಮಾಲಾ ಬಸ್ಸಿಳಿದು ಬಂದಾಗ ಸೊಸೆ ಮನಿಷಾ ಬಾಗಿಲಲ್ಲೇ ನಿಂತು, ಮುಖ ಅತ್ತ ತಿರುಗಿಸಿ ಡಬ್ಬಿ ಚಾಚಿದಳು. ರತ್ನಮಾಲಾ ಆಮ್ಲಜನಕ ಹೀರುವ ಪುಡಿಯ ಪೊಟ್ಟಣದೊಂದಿಗೆ ಅದನ್ನು ಚೀಲದಲ್ಲಿ ಬಿಗಿದು, ಮೇಲೆ ಅಜ್ಜಿಯ ಹೆಸರು ಬರೆದು, ಸಿಕ್ಕ ಬಸ್ಸು ಹತ್ತಿ ಹುಮನಾಬಾದಿಗೆ ಓಡಿ ಬಂದಳು.

ಓಡಲೇಬೇಕು. ಹೊಟ್ಟೆಯೊಳಗಿನ ಬಹುಪಾಲು ಬ್ಯಾಕ್ಟೀರಿಯಾಗಳಿಗೆ ನಾವು ಉಸಿರಾಡುವ ಗಾಳಿಯೇ ವಿಷ. ಅದಕ್ಕಾಗಿ ಪ್ರಯೋಗಾಲಯದಲ್ಲಿ ಆಮ್ಲಜನಕವಿಲ್ಲದ ಒಂದು ದೊಡ್ಡ ಪಾರದರ್ಶಕ ಪೆಟ್ಟಿಗೆ ಇತ್ತು. ಅದರ ಬದಿಯಲ್ಲಿ ಜೋಡಿಸಿದ ಉದ್ದ ಕೈಗವಸುಗಳಲ್ಲಿ ಕೈ ತೂರಿಸಿ, ಹೊರಗೆ ನಿಂತೇ ಒಳಗಿನ ಕೆಲಸ ಮಾಡಬೇಕು. ಅಗಲ ತಟ್ಟೆಯಲ್ಲಿ ಅವುಗಳಿಗೆ ಬೇಕಾದ ಆಹಾರ ಹರಡಿ, ಮೇಲೆ ಮಾದರಿಯನ್ನು ಸವರಿಟ್ಟು ಕಾಯಬೇಕು. ಒಂಟಿ ಬ್ಯಾಕ್ಟೀರಿಯಾ ಕಣ್ಣಿಗೆ ಕಾಣದು. ಅದು ಒಡೆದು ಎರಡಾಗಿ, ಎರಡು ನಾಲ್ಕಾಗಿ, ಕೋಟಿಗಟ್ಟಲೆಯಾದಾಗ ತಟ್ಟೆಯ ಮೇಲೆ ಒಂದು ಚುಕ್ಕಿ ಮೂಡುತ್ತದೆ.

ನಲವತ್ತೊಂದರ ತಟ್ಟೆಯಲ್ಲಿ ಎರಡನೆಯ ದಿನ ಬರಬೇಕಾದ ಚುಕ್ಕಿಗಳು ಬಂದವು. ಎಲ್ಲ ಹಳೆಯ ಪರಿಚಯದವು. ಐದನೆಯ ದಿನ, ತಟ್ಟೆ ಬಿಸಾಡುವ ಮುನ್ನ ಇನ್ನೊಮ್ಮೆ ನೋಡಿದಾಗ, ಅಂಚಿನಲ್ಲಿ ಸಾಸಿವೆಗಿಂತ ಸಣ್ಣ ಚುಕ್ಕಿಯೊಂದು ಮಜ್ಜಿಗೆ ಬಣ್ಣದಲ್ಲಿ ಕೂತಿತ್ತು. ರತ್ನಮಾಲಾ ಅದನ್ನು ಬೇರೆ ಮಾಡಿ ಬೆಳೆಸಿದಳು. ಅದರ ಡಿ.ಎನ್.ಎ. ತೆಗೆದು ಓದಿಸಲು ಹೈದರಾಬಾದಿಗೆ ಕಳಿಸಿದಳು. ಎಲ್ಲ ಬ್ಯಾಕ್ಟೀರಿಯಾಗಳಲ್ಲೂ ಇರುವ ಒಂದು ಜೀನ್ ಇದೆ. ಅದನ್ನು ಜಗತ್ತಿನ ಪಟ್ಟಿಯೊಂದಿಗೆ ಹೋಲಿಸಿದರೆ ಯಾರು ಯಾರ ಬಳಗ ಎಂದು ತಿಳಿಯುತ್ತದೆ. ನೂರಕ್ಕೆ ತೊಂಬತ್ತೊಂಬತ್ತು ಹೊಂದಿದರೆ ಗೊತ್ತಿರುವ ಪ್ರಭೇದವೇ ಇದ್ದೀತು. ಇದು ತೊಂಬತ್ತಮೂರಕ್ಕೆ ನಿಂತಿತ್ತು.

ಗಯಾಸುದ್ದೀನ್ ಸರ್ ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿಕೊಂಡರು. “ಬೇಟಾ, ಇದು ಹೊಸ ಪ್ರಭೇದ ಅಷ್ಟೇ ಅಲ್ಲ. ಹೊಸ ಕುಲಾನೇ ಇರಬೇಕು. ಇದರ ಮನಿತನದ ಹೆಸರೇ ಇನ್ನಾ ಯಾರೂ ಇಟ್ಟಿಲ್ಲ.”

ರತ್ನಮಾಲಾಗೆ ಮೈ ಜುಮ್ಮೆಂದಿತು. ಸಮುದ್ರದ ತಳ ನೋಡಿ ಬಂದವರಿದ್ದಾರೆ, ಚಂದ್ರನ ಮಣ್ಣು ತಂದವರಿದ್ದಾರೆ. ಮನುಷ್ಯ ಹುಟ್ಟಿದಾಗಿನಿಂದ ಮನುಷ್ಯನ ಹೊಟ್ಟೆಯಲ್ಲೇ ಕೂತು, ಅವನು ತಿಂದದ್ದನ್ನೇ ತಿಂದು ಬದುಕಿದ ಒಂದು ಜೀವವನ್ನು ಈ ತನಕ ಯಾರೂ ಕಂಡಿಲ್ಲ. ಮೊದಲು ಕಂಡದ್ದು ಕೊಹಿನೂರಿನ ತಾನು, ಹುಮನಾಬಾದಿನ ಈ ಹಿಂಬದಿಯ ಕೋಣೆಯಲ್ಲಿ. ಅವಳು ಕಾರಿಡಾರಿಗೆ ಬಂದು ಅವ್ವನಿಗೆ ಫೋನು ಮಾಡಿ ಅಷ್ಟನ್ನೇ ಹೇಳಿದಳು: ನಾ ತಂದ ಡಬ್ಬ್ಯಾಗ ದುನಿಯಾದಾಗ ಯಾರೂ ನೋಡದಿದ್ದದ್ದು ಸಿಕ್ಕದ. ಸುಗಂಧಾ “ಖರೇನ?” ಎಂದಳು. ಆ ಒಂದು ಮಾತಿನಲ್ಲಿ ಎಷ್ಟೋ ದಿನದ ಮುನಿಸು ಅರ್ಧ ಇಳಿದಿತ್ತು.

ಆದರೆ ಸರ್‌ಗೆ ಒಂದು ಹಟವಿತ್ತು. ಹಿಂದೆ ಎಳೆಯ ವಯಸ್ಸಿನಲ್ಲಿ ಅವರು ಹೊಸ ಬ್ಯಾಕ್ಟೀರಿಯಾ ಕಂಡೆನೆಂದು ದೊಡ್ಡ ಸಭೆಯಲ್ಲಿ ಹೇಳಿ, ಅದು ನಲ್ಲಿ ನೀರಿನದೆಂದು ಗೊತ್ತಾಗಿ ಮುಖಭಂಗ ಮಾಡಿಕೊಂಡಿದ್ದರು. ಅಂದಿನಿಂದ ಒಂದೇ ಸಲ ಕಂಡದ್ದು ಅವರ ಲೆಕ್ಕದಲ್ಲಿ ಕಂಡ ಹಾಗೇ ಅಲ್ಲ. ಅದೇ ಮನುಷ್ಯರಿಂದ ಎರಡನೆಯ ಸಲವೂ ಸಿಗಬೇಕು. ಸಿಕ್ಕರೆ ಪ್ರಾಜೆಕ್ಟಿಗೆ ಹಣ ಕೊಡುವ ಪುಣೆಯ ಸಂಸ್ಥೆಗೆ ಬರೆಯುವುದು, ಜೀವಂತ ತಳಿಯನ್ನು ಎರಡು ದೇಶಗಳ ಸಂಗ್ರಹಾಲಯಗಳಲ್ಲಿ ಇರಿಸುವುದು, ಹೆಸರಿಡುವುದು ಎಲ್ಲ. ಸಿಗದಿದ್ದರೆ ಏನೂ ಇಲ್ಲ.

ರತ್ನಮಾಲಾ ಮತ್ತೆ ಹುಡಗಿಗೆ ಹೋದಳು. ಈ ಸಲ ಸಖುಬಾಯಿ ಮನೆಯಲ್ಲೇ ಇದ್ದಳು. ಪ್ರಯೋಗಾಲಯದವರು ಬಿಟ್ಟಿಯಾಗಿ ರಕ್ತ ಪರೀಕ್ಷೆ ಮಾಡಿಸಿದ್ದಕ್ಕೆ ಖುಷಿಯಾಗಿ, ಗೊಣಗುತ್ತ ಡಬ್ಬಿ ತುಂಬಿ ಕೊಟ್ಟಳು. ಐದು ದಿನ ಕಾದರು. ಆ ಮಜ್ಜಿಗೆ ಬಣ್ಣದ ಚುಕ್ಕಿ ಬರಲಿಲ್ಲ. ಮೂರನೆಯ ಡಬ್ಬಿ ತಂದರು. ರತ್ನಮಾಲಾ ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಹತ್ತು ತಟ್ಟೆ ಹುಡುಕಿದಳು. ಡಿ.ಎನ್.ಎ. ತೆಗೆದು ಅದರಲ್ಲೂ ಹುಡುಕಿಸಿದಳು. ಅದರ ಸುಳಿವೇ ಇರಲಿಲ್ಲ.

“ಕುರಿ ಮನಿ ಅದು,” ಎಂದರು ಸರ್ ಮೆತ್ತಗೆ. “ಅಂಗಳದ ತುಂಬಾ ಹಿಕ್ಕಿ. ಡಬ್ಬಿ ತೆರೆದಾಗ ಒಂಚೂರು ಬಿದ್ದಿರಬಹುದು. ಅಜ್ಜಿ ಹೊಟ್ಟ್ಯಾಂದಲ್ಲ ಇದು. ಇದೇ ತಿಂಗಳಿಗೆ ಪ್ರಾಜೆಕ್ಟ್ ಮುಗೀತದ. ಸೋಮವಾರ ನಲವತ್ತೊಂದನ್ನ ಪಟ್ಟಿಯಿಂದ ತೆಗೆದುಬಿಡೋಣ.”

ಅವರು ಹೇಳಿದ್ದರಲ್ಲಿ ತಪ್ಪೇನೂ ಇರಲಿಲ್ಲ. ಅದೇ ಅವಳಿಗೆ ಹೆಚ್ಚು ಉರಿಯಿತು. ಅವ್ವನಿಗೆ ಈಗ ಏನು ಹೇಳುವುದು? ಯಾರೂ ನೋಡದ್ದು ಅಂತ ಹೇಳಿದ್ದು ಕುರಿ ಹಿಕ್ಕೆಯ ಕಸ ಅಂತಲೇ?

ಶನಿವಾರ ಮುಂಜಾನೆ ಅವಳು ಇನ್ನೊಮ್ಮೆ ಹುಡಗಿಗೆ ಹೋದಳು. ಡಬ್ಬಿ ಒಯ್ದಿರಲಿಲ್ಲ. ಅಜ್ಜಿಗೆ ಇಷ್ಟು ಸಲ ಕಾಟ ಕೊಟ್ಟದ್ದಕ್ಕೆ ಒಂದು ಮಾತು ಹೇಳಿ ಬರುವುದು ಮರ್ಯಾದೆ ಎಂದಷ್ಟೇ ಹೊರಟಿದ್ದಳು. ಸಖುಬಾಯಿ ಹೊಸ್ತಿಲ ಬಳಿ ಕಾಲು ಚಾಚಿ ಕೂತಿದ್ದಳು. ಒಳಗೆ ಮನಿಷಾ ರೊಟ್ಟಿ ಬಡಿಯುತ್ತಿದ್ದಳು.

“ಆಯೀ, ಇನ್ನ ನಿಮಗ ತ್ರಾಸ ಕೊಡಂಗಿಲ್ರಿ,” ಎಂದಳು ರತ್ನಮಾಲಾ. “ಮೂರ ಸಲ ಡಬ್ಬಿ ಕೊಟ್ರಿ, ನಾವೇ ಸುಮ್ನ ಓಡ್ಯಾಡಿಸಿದ್ವಿ.”

“ಮೂರ ಎಲ್ಲಿದು ಯವ್ವಾ? ನಾ ಕೊಟ್ಟಿದ್ದು ಎರಡ.”

“ಮೂರ್ರಿ. ಮೊದಲಿಂದು ದಸರಾದ ಹಿಂದಿನ ವಾರ.”

“ದಸರಾದ ಹಿಂದ ನಾ ಊರಾಗೇ ಇರ್ಲಿಲ್ಲ. ಚಿಟಗುಪ್ಪಾದಾಗ ಮಗಳಿಗಿ ಜ್ವರ ಬಂದಿದ್ದವು. ಎಂಟ ದಿನ ಅಲ್ಲೇ ಇದ್ದೆ. ಹೌದಲ್ಲ, ಮನಿಷಾ?”

ಒಳಗಿನಿಂದ ರೊಟ್ಟಿ ಬಡಿಯುವ ಸದ್ದು ನಿಂತಿತು. ತವೆಯ ಮೇಲಿನ ರೊಟ್ಟಿ ಹೊತ್ತಿದ ವಾಸನೆ ಬಂತು. ಇಪ್ಪತ್ತೇಳರ ಆ ಸೊಸೆ ರೊಟ್ಟಿಯನ್ನು ಹಾಗೇ ಬಿಟ್ಟು, ಹಿಟ್ಟಿನ ಕೈಯಲ್ಲೇ ಬಾಗಿಲಿಗೆ ಬಂದು ನಿಂತಳು.

“ನಾಕ ಸಲ ಬಂದಿದ್ರಿ ಮೇಡಂ. ಬಿಸಲಾಗ ಬಸ್ ಹಿಡ್ಕೊಂಡ್ ಬಂದವ್ರನ್ನ ಖಾಲಿ ಕೈಲಿ ಹ್ಯಾಂಗ ಕಳಸ್ಲಿ? ಅತ್ತಿ ಇರ್ಲಿಲ್ಲ. ಒಂದೇ ಒಲಿ ರೊಟ್ಟಿ ತಿಂತೀವಿ, ಒಂದೇ ಕೊಡದ ನೀರ ಕುಡೀತೀವಿ, ಹೊಟ್ಟ್ಯಾಗ ಬ್ಯಾರೆ ಏನಿರ್ತದ ಅನ್ಕೊಂಡೆ. ನಂದೇ ಕೊಟ್ಟುಬಿಟ್ಟೆ.”

ಆ ಮನೆಯಲ್ಲಿ ಯಾರೇ ಬಂದರೂ ಒಂದು ಸೇರು ಜೋಳವೋ ಒಂದು ಚೊಂಬು ಮಜ್ಜಿಗೆಯೋ ಕೊಡದೆ ಕಳಿಸುವ ರೂಢಿ ಇರಲಿಲ್ಲ. ಮನಿಷಾ ಆ ರೂಢಿಯನ್ನೇ ಪಾಲಿಸಿದ್ದಳು. ಬಂದವಳು ಕೇಳಿದ್ದು ಇದಾದರೆ ಅವಳೇನು ಮಾಡಬೇಕು?

ಸಖುಬಾಯಿಗೆ ವಿಷಯ ಅರ್ಥವಾಗಲು ಸ್ವಲ್ಪ ಹೊತ್ತು ಹಿಡಿಯಿತು. ಅರ್ಥವಾದ ಮೇಲೆ ನಗು ತಡೆಯಲಾಗದೆ ಕೆಮ್ಮು ಬಂತು. “ಮನ್ಯಾಗ ನನ್ನ ಪಾಲಿನ ಕೆಲಸ ಎಲ್ಲಾ ಮಾಡ್ತಿ ಅಂತ ಗೊತ್ತಿತ್ತು,” ಎಂದಳು ಸೊಸೆಗೆ. “ಇದನ್ನೂ ಮಾಡ್ತಿ ಅಂತ ಗೊತ್ತಿರ್ಲಿಲ್ಲ.”

ರತ್ನಮಾಲಾಗೆ ಮೊದಲು ಸಿಟ್ಟು ಬಂತು. ಎರಡು ತಿಂಗಳ ಕೆಲಸ, ಹತ್ತಾರು ತಟ್ಟೆ, ತನ್ನ ನಿದ್ದೆ. ಆಮೇಲೆ ಆ ಸಿಟ್ಟು ಎಲ್ಲಿ ಹೋಯಿತೋ ತಿಳಿಯಲಿಲ್ಲ, ಅಜ್ಜಿಯ ಪಕ್ಕದಲ್ಲೇ ಕೂತುಬಿಟ್ಟಳು. ಹಾಗಾದರೆ ಅದು ಹಿಕ್ಕೆಯದಲ್ಲ. ಅದು ಮನುಷ್ಯರೊಳಗಿನದು, ಎದುರಿಗೇ ನಿಂತಿರುವ ಈ ಹೆಂಗಸಿನೊಳಗಿನದು.

“ವೈನಿ,” ಎಂದಳು ಮನಿಷಾಳನ್ನು ಅತ್ತಿಗೆಯೆಂಬಂತೆ ಕರೆದು, “ನಿಮ್ಮ ಹೆಸರಿಲೇ ಒಂದು ಕಾಗದ ಮಾಡ್ತೀನಿ. ಓದಿಸಿಕೊಂಡು ಸಹಿ ಮಾಡ್ರಿ. ಇನ್ನೊಂದ ಸಲ ಕೊಡ್ತೀರೇನು?”

ಮನಿಷಾ ತಪ್ಪು ತನ್ನದಾದ್ದರಿಂದ ಇಲ್ಲವೆನ್ನಲಿಲ್ಲ. ಆ ದಿನವೇ ರತ್ನಮಾಲಾ ಹುಮನಾಬಾದಿಗೆ ಹೋಗಿ ಕಾಗದ, ಡಬ್ಬಿ ತಂದಳು. ಭಾನುವಾರ ಮುಂಜಾನೆ ಡಬ್ಬಿ ತುಂಬಿತು. ಸೋಮವಾರ ಪಟ್ಟಿ ತೆಗೆದು ಕೂತ ಸರ್‌ಗೆ ನಡೆದದ್ದನ್ನೆಲ್ಲ ಹೇಳಿ, ಐದು ದಿನ ಬೇಡಿಕೊಂಡಳು. ಅವರು ಹಣೆ ಹಣೆ ಬಡಿದುಕೊಂಡು ಒಪ್ಪಿದರು. ಐದನೆಯ ದಿನ ತಟ್ಟೆಯಲ್ಲಿ ಒಂದಲ್ಲ, ಏಳು ಚುಕ್ಕಿಗಳಿದ್ದವು, ಎಲ್ಲ ಮಜ್ಜಿಗೆ ಬಣ್ಣದವು. ಸರ್ ಅವನ್ನು ಒಂದೊಂದಾಗಿ ಎಣಿಸಿ, ಹೊರಗೆ ಹೋಗಿ ಮಿಠಾಯಿ ತಂದರು.

ಒಂದೇ ಒಲೆಯ ರೊಟ್ಟಿ ತಿನ್ನುವ ಅತ್ತೆಯಲ್ಲಿ ಇಲ್ಲ, ಸೊಸೆಯಲ್ಲಿ ಇದೆ. ಗಂಡ ಓಂಪ್ರಕಾಶನೂ ಮುಖ ಗಂಟು ಹಾಕಿಕೊಂಡು ಒಂದು ಡಬ್ಬಿ ಕೊಟ್ಟ, ಅವನಲ್ಲೂ ಇಲ್ಲ. ಇವಳಿಗೆ ಎಲ್ಲಿಂದ ಬಂತು? ಪ್ರಾಜೆಕ್ಟನ್ನು ಇನ್ನಾರು ತಿಂಗಳು ಮುಂದುವರಿಸಲು ಪುಣೆಯವರು ಒಪ್ಪಿದರು. ರತ್ನಮಾಲಾ ಮನಿಷಾಳ ತವರಿನ ಬಗ್ಗೆ ಕೇಳಿದಳು.

ತವರು ಎನ್ನಲು ಹೆಚ್ಚೇನೂ ಉಳಿದಿರಲಿಲ್ಲ. ಮನಿಷಾ ಒಂದೂವರೆ ವರ್ಷದ ಕೂಸಿದ್ದಾಗ ತಾಯಿ ಮೂರನೆಯ ಬಾಣಂತನದಲ್ಲಿ ತೀರಿಕೊಂಡಿದ್ದಳು. ಆಗ ಹುಟ್ಟಿದ ಕೂಸೂ ಉಳಿಯಲಿಲ್ಲ. ಮನಿಷಾಳನ್ನು ಅಜ್ಜಿ ಒಯ್ದು ಸಾಕಿದಳು. ನಾಲ್ಕು ವರ್ಷದ ಅಕ್ಕ ದ್ರೌಪತಿಯನ್ನು ಬಸವಕಲ್ಯಾಣದ ಚಿಕ್ಕಮ್ಮ ಕರೆದುಕೊಂಡು ಹೋದಳು. ಅಕ್ಕ ಅಲ್ಲೇ ಬೆಳೆದು ಅಲ್ಲೇ ಮದುವೆಯಾಗಿ, ಈಗಲೂ ಕೋಟೆಯ ಹತ್ತಿರದ ಓಣಿಯಲ್ಲಿ ಇದ್ದಾಳೆ. ಅಕ್ಕತಂಗಿಯರು ಒಂದೇ ಮನೆಯಲ್ಲಿ ಉಂಡುಟ್ಟದ್ದು ಆ ಒಂದೂವರೆ ವರ್ಷ ಮಾತ್ರ. ಆಮೇಲೆ ಹಬ್ಬಕ್ಕೋ ಮದುವೆಗೋ ನೋಡಿದ್ದಷ್ಟೇ.

ಬಸವಕಲ್ಯಾಣದಿಂದ ಹುಮನಾಬಾದಿಗೆ ಬರುವ ಬಸ್ಸಿನಲ್ಲಿ ರತ್ನಮಾಲಾ ದ್ರೌಪತಿಯ ಡಬ್ಬಿಯನ್ನು ಎರಡೂ ಕೈಯಲ್ಲಿ ತೊಡೆಯ ಮೇಲೆ ಹಿಡಿದು ಕೂತಿದ್ದಳು. ಪಕ್ಕದ ಹೆಂಗಸು, ಕಲ್ಯಾಣದಿಂದ ಪ್ರಸಾದ ತಂದಿರೇನ್ರಿ ಎಂದು ಕೇಳಿದ್ದಕ್ಕೆ, ರತ್ನಮಾಲಾಗೆ ಸುಳ್ಳೂ ಹೇಳಲಾಗದೆ ನಿಜವೂ ಹೇಳಲಾಗದೆ ನಗು ಬಂತು.

ಐದನೆಯ ದಿನ ದ್ರೌಪತಿಯ ತಟ್ಟೆಯಲ್ಲೂ ಚುಕ್ಕಿ ಮೂಡಿತು. ಅವಳ ಗಂಡನಲ್ಲಿ, ಅತ್ತೆಯಲ್ಲಿ ಇರಲಿಲ್ಲ. ಸರ್ ಈ ಸಲ ಎರಡೂ ತಳಿಗಳ ಇಡೀ ಡಿ.ಎನ್.ಎ. ಓದಿಸಿದರು. ಮೂವತ್ತು ಲಕ್ಷ ಅಕ್ಷರಗಳ ಬರಹ ಅದು. ಅಕ್ಕನ ಬ್ಯಾಕ್ಟೀರಿಯಾಕ್ಕೂ ತಂಗಿಯ ಬ್ಯಾಕ್ಟೀರಿಯಾಕ್ಕೂ ಅದರಲ್ಲಿ ಬೇರೆಯಾಗಿದ್ದದ್ದು ಮೂವತ್ತೆಂಟು ಅಕ್ಷರ. ಸರ್ ಆ ಹಾಳೆಯನ್ನು ಮೇಜಿನ ಮೇಲಿಟ್ಟು ಮತ್ತೆ ಮತ್ತೆ ಲೆಕ್ಕ ಹಾಕಿದರು. ಒಂದೇ ಬಳಗದ ಜೀವಗಳು ಎಂದೋ ಒಂದು ದಿನ ಎರಡು ಹಾದಿಯಾಗಿ, ಒಂದು ಹುಡಗಿಗೆ, ಒಂದು ಬಸವಕಲ್ಯಾಣಕ್ಕೆ ಹೋಗಿ, ಕಾಲು ಶತಮಾನ ಬೇರೆ ಬೇರೆ ಬಾಳಿದ್ದವು. ಇಷ್ಟು ವರ್ಷಕ್ಕೆ ಇಷ್ಟೇ ಅಕ್ಷರ ಬದಲಾಗಬೇಕು ಎಂಬ ಲೆಕ್ಕ ಹೆಚ್ಚುಕಡಿಮೆ ಸರಿಹೊಂದಿತ್ತು.

“ತಾಯಿದೇ ಇರಬೇಕು,” ಎಂದರು ಕೊನೆಗೆ. “ಮನಿಷಾಗ ಹೇಳು ಬೇಟಾ. ಗೊತ್ತಾಗಬೇಕಾದದ್ದು ಮೊದಲ ಆಕಿಗೆ.”

ಮನಿಷಾ ಹುಮನಾಬಾದಿಗೆ ಸಂತೆಗೆ ಬಂದ ದಿನ ರತ್ನಮಾಲಾ ಅವಳನ್ನು ಕಾಲೇಜಿಗೆ ಕರೆತಂದಳು. ಮನಿಷಾ ಚೀಲವನ್ನು ಬಾಗಿಲಲ್ಲಿ ಇಳಿಸಿ, ಚಪ್ಪಲಿ ಬಿಟ್ಟು, ಬೇಡವೆಂದರೂ ಕೇಳದೆ ಬರಿಗಾಲಲ್ಲಿ ಒಳಗೆ ಬಂದಳು. ರತ್ನಮಾಲಾ ಹೇಳಬೇಕಾದ್ದನ್ನು ಎಚ್ಚರದಿಂದ ಹೇಳಿದಳು. ಇದು ನೂರಕ್ಕೆ ನೂರು ಅಲ್ಲ, ಅವ್ವ ಬದುಕಿದ್ದರೆ ಪರೀಕ್ಷೆ ಮಾಡಿ ಹೇಳಬಹುದಿತ್ತು. ಆದರೆ ಹಾಲೂಡಿಸುವಾಗ, ತುತ್ತು ಇಡುವಾಗ, ಮುಖ ಒರೆಸುವಾಗ ತಾಯಿಯಿಂದ ಕೂಸಿಗೆ ಇವು ದಾಟುತ್ತವೆ. ಅಕ್ಕನಿಗೆ ಬಂದದ್ದೂ ನಿಮಗೆ ಬಂದದ್ದೂ ಆ ಒಂದೇ ಮನೆಯಿಂದ. ನಿಮ್ಮವ್ವನ ಹೊಟ್ಟೆಯಲ್ಲಿದ್ದವೇ ನಿಮ್ಮೊಳಗೆ ಬೆಳೆಯುತ್ತ ಬಂದಿವೆ ಎಂದೇ ನಮಗೆ ಅನಿಸುತ್ತದೆ.

ಮನಿಷಾಗೆ ಇದು ಒಂದೇ ಸಲಕ್ಕೆ ಅರ್ಥವಾಗಲಿಲ್ಲ. ಇನ್ನೊಮ್ಮೆ ಹೇಳ್ರಿ ಎಂದಳು. ಇನ್ನೊಮ್ಮೆ ಹೇಳಿದ ಮೇಲೆ ಕುರ್ಚಿಯ ತುದಿಯಲ್ಲಿ ಕೂತಳು.

“ನಮ್ಮವ್ವಂದು ಒಂದೂ ಫೋಟೋ ಇಲ್ರಿ,” ಎಂದಳು. “ಸೀರಿ ಎಲ್ಲಾ ಹಂಚಿಬಿಟ್ರಂತ. ಹ್ಯಾಂಗಿದ್ಲು ಅಂತ ನಾ ಕೇಳಿದ್ರ, ಆಕಿ ಬೆಳ್ಳಗಿದ್ಲು ಅಂತ ಒಬ್ಬರು, ಕಪ್ಪಗಿದ್ಲು ಅಂತ ಒಬ್ಬರು. ಆಕಿದು ಏನೇನೂ ನನ್ನ ಹತ್ತಿರ ಇಲ್ಲ ಅನ್ಕೊಂಡಿದ್ದೆ.” ಸ್ವಲ್ಪ ತಡೆದು ಕೇಳಿದಳು, “ನೋಡಾಕ ಬರ್ತದೇನ್ರಿ?”

ಬರುತ್ತದೆ, ಆದರೆ ಸ್ವಲ್ಪ ಹೊತ್ತು ಮಾತ್ರ. ರತ್ನಮಾಲಾ ಪೆಟ್ಟಿಗೆಯ ಕೈಗವಸಿನಲ್ಲಿ ಕೈ ತೂರಿಸಿ, ಗಾಜಿನ ಪಟ್ಟಿಯ ಮೇಲೆ ಒಂದು ಹನಿ ಇಟ್ಟು, ತೆಳು ಗಾಜಿನಿಂದ ಮುಚ್ಚಿ, ಗಾಳಿ ನುಸುಳದಂತೆ ಅಂಚಿಗೆಲ್ಲ ಉಗುರುಬಣ್ಣ ಬಳಿದು ಹೊರಗೆ ತಂದಳು. ಐದಾರು ನಿಮಿಷ ಇರುತ್ತವೆ, ಆಮೇಲೆ ಗಾಳಿ ಹೇಗಾದರೂ ಒಳಗೆ ಸೇರುತ್ತದೆ ಎಂದು ಹೇಳಿ ಸೂಕ್ಷ್ಮದರ್ಶಕವನ್ನು ಹೊಂದಿಸಿಕೊಟ್ಟಳು.

ಮನಿಷಾ ಬಗ್ಗಿ ಕಣ್ಣಿಟ್ಟಳು. ಮೊದಲು ಬರೀ ಬೆಳಕು ಎಂದಳು. ಆ ಬೆಳಕಿನಲ್ಲಿ ಕೊಂಚ ಬಾಗಿದ ಸಣ್ಣ ಸಣ್ಣ ಕಡ್ಡಿಗಳು ನೂರಾರು, ತಿರುಗುತ್ತ, ಒಂದಕ್ಕೊಂದು ಹಾದಿ ಬಿಡುತ್ತ, ಯಾವುದೋ ಅವಸರದಲ್ಲಿ ಈಜುತ್ತಿದ್ದವು. ರತ್ನಮಾಲಾ ಅವನ್ನು ನೂರು ಸಲ ನೋಡಿದ್ದಳು. ಆದರೂ ಮನಿಷಾಳ ಬೆನ್ನು ನೋಡುತ್ತ ನಿಂತಾಗ ಅವಳಿಗೆ ಹೊಸದಾಗಿ ದಿಗಿಲಿನಂಥ ಬೆರಗಾಯಿತು. ಈ ಹೆಂಗಸು ಹುಟ್ಟುವ ಮೊದಲಿನಿಂದ, ಆ ತಾಯಿ ಹುಟ್ಟುವ ಮೊದಲಿನಿಂದ, ಅವಳ ಅವ್ವ, ಅವ್ವನ ಅವ್ವ, ಹೆಸರೇ ಉಳಿಯದ ಎಷ್ಟು ಹೆಂಗಸರ ಮಡಿಲು ದಾಟಿ ಇವು ಈ ಗಾಜಿನ ಪಟ್ಟಿಗೆ ಬಂದಿವೆಯೋ ಯಾರು ಬಲ್ಲರು?

ಹೇಳಲೇಬೇಕಾದ ಸತ್ಯ ಒಂದಿತ್ತು, ಅದನ್ನು ಅವಳು ಹೇಳಿದಳು. “ಆಗಿನವೇ ಅಲ್ರಿ ವೈನಿ ಇವು. ಆಗಿದ್ದವು ಎಂದೋ ಸತ್ತಾವ. ಇವು ಅವುಗಳ ಮಕ್ಕಳ ಮಕ್ಕಳು.”

ಮನಿಷಾ ಕಣ್ಣು ತೆಗೆಯದೆ ಅಂದಳು, “ನಾನೂ ಆಕಿ ಅಲ್ಲಲ್ರಿ. ಆಕಿ ಮಗಳು. ಇವೂ ಹಂಗೇ.”

ಕಡ್ಡಿಗಳ ಓಟ ಸ್ವಲ್ಪ ನಿಧಾನವಾಗಿರಬೇಕು. ಮನಿಷಾ ಥಟ್ಟನೆ ನೆಟ್ಟಗಾದಳು. ಹೆಗಲ ಮೇಲಿದ್ದ ಸೆರಗನ್ನು ತಲೆಯ ಮೇಲೆ ಎಳೆದುಕೊಂಡು, ಹಣೆಯ ಕೂದಲು ಒಳಗೆ ತೂರಿಸಿ, ಮತ್ತೆ ಬಗ್ಗಿದಳು. ಅವಳ ತುಟಿ ಸೂಕ್ಷ್ಮದರ್ಶಕಕ್ಕೆ ತಾಗುವಷ್ಟು ಹತ್ತಿರವಿತ್ತು.

“ಅವ್ವಾ,” ಎಂದಳು, “ನಾ ಮನಿಷಾ.”

ಐದು ನಿಮಿಷ ಮುಗಿದಿತ್ತು. ರತ್ನಮಾಲಾ ಅದನ್ನು ಹೇಳಲಿಲ್ಲ.